ತೊಳೆದ ಮೊಟ್ಟೆ

ರುದ್ರಾಣಿ ಮಿಸ್‌ಗೆ ಕಾಲಲ್ಲಿ ಚಕ್ರ ಐತೆ ಅಂತ ಹಟ್ಟಿಯ ಹೆಂಗಸರೆಲ್ಲ ಹೇಳುತ್ತಿದ್ದರು. ಸುಳ್ಳೇನಲ್ಲ. ಜಗಳೂರು ಕಡೆಯ ಸೊಕ್ಕೆಯಿಂದ ಒಳಗೆ, ಮೆಕ್ಕೆಜೋಳದ ಹೊಲಗಳ ನಡುವೆ ಇರುವ ಆ ಪುಟ್ಟ ಸರ್ಕಾರಿ ಶಾಲೆಗೆ ಅವಳು ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಅಷ್ಟರಲ್ಲಿ ಅವಳು ಕುರ್ಚಿಯ ಮೇಲೆ ಕೂತದ್ದನ್ನು ಕಂಡ ಮಗು ಶಾಲೆಯಲ್ಲಿ ಒಂದೂ ಇರಲಿಲ್ಲ. ಕೂತರೆ ತಾನೇ ಕಾಣಲಿಕ್ಕೆ! ಬಾಗಿಲಿಗೆ ಹೋಗುವಳು, ಕಿಟಕಿಗೆ ಬರುವಳು, ಬೋರ್ಡಿನ ಮೇಲೆ ಅರ್ಧ ವಾಕ್ಯ ಬರೆದು ಇನ್ನರ್ಧವನ್ನು ಬಾಯಲ್ಲೇ ಹೇಳಿ ಮುಗಿಸಿ ಮಕ್ಕಳನ್ನು ಹೊರಗೆ ಹೊರಡಿಸಿಬಿಡುವಳು. ಕೈಯಲ್ಲಿ ಮಾಡಿಯೇ ಕಲಿಯಬೇಕು ಎಂಬುದು ಅವಳ ಹಟ. ಆ ಹಟ ಒಳ್ಳೆಯದೇ, ಯಾರು ಬೇಡವೆಂದರು? ಆದರೆ ಮಾಡಿದ್ದನ್ನು ಮುಗಿಸುವವರೆಗೆ ಕಾಯಬೇಕಲ್ಲ, ಅದು ಮಾತ್ರ ಅವಳಿಗೆ ಬರುತ್ತಿರಲಿಲ್ಲ.

ತೆಂಗಿನ ಚಿಪ್ಪಿನಲ್ಲಿ ಅವರೆಕಾಳು ಹಾಕಿಸಿದಳು. ಬೇರು ಬಂತೇನೋ ನೋಡೋಣ ಅಂತ ಮಾರನೇ ದಿನವೇ ತಾನೇ ಕೆದಕಿದಳು. ಅದರ ಮಾರನೇ ದಿನವೂ ಕೆದಕಿದಳು. ಪಾಪದ ಕಾಳುಗಳು, ಮೊಳಕೆ ಒಡೆಯಲು ಪುರುಸೊತ್ತೇ ಸಿಗದೆ ಕೊಳೆತು ಹೋದವು. ಅಂಗಳದಲ್ಲಿ ಕೋಲು ನೆಟ್ಟು ನೆರಳು ನೋಡಿ ಗಂಟೆ ಹೇಳುವ ಗಡಿಯಾರ ಮಾಡಿಸಿದಳು. ಬೆಳಿಗ್ಗೆ ಗುರುತಿನ ಕಲ್ಲು ಇಟ್ಟಾಗಿತ್ತು, ಮಧ್ಯಾಹ್ನ ಇನ್ನೂ ಚೆಂದದ ಜಾಗ ಕಣ್ಣಿಗೆ ಬಿತ್ತು, ಕೋಲನ್ನು ಕಿತ್ತು ಅಲ್ಲಿಗೆ ನೆಟ್ಟಳು. ಮಣ್ಣಲ್ಲಿ ಕೆರೆ ಕಟ್ಟಿಸಿದಳು. ಏರಿ ಒಣಗುವ ಮುಂಚೆಯೇ ನೀರು ಬಿಟ್ಟಳು. ಮುಂದೇನಾಯಿತು ಎಂದು ಬೇರೆ ಹೇಳಬೇಕೆ?

ಒಂದು ದಿನ ನಲ್ಲಿಯ ಹತ್ತಿರ ತಟ್ಟೆ ತೊಳೆಯುತ್ತ ನಾಲ್ಕನೇ ಕ್ಲಾಸಿನ ದುರ್ಗಾಂಬಿಕಾ ಗೆಳತಿಗೆ ಹೇಳುತ್ತಿದ್ದಳು: "ಮಿಸ್ ಶುರು ಮಾಡೋದು ಭಾಳ ಚೆಂದ ಕಣೇ. ಒಂದೂ ಪೂರ್ತಿ ಆಗಲ್ಲ ಅಷ್ಟೇ."

ಗೋಡೆಯ ಈಚೆಗಿದ್ದ ರುದ್ರಾಣಿಯ ಕಿವಿಗೆ ಅದು ಬಿತ್ತು. ಒಂಬತ್ತು ವರ್ಷದ ಹುಡುಗಿಯ ಮಾತು ಇಷ್ಟು ಚುಚ್ಚುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ.

ದಸರಾ ರಜೆಗೆ ಇನ್ನೂ ಕೆಲವು ವಾರ ಇರುವಾಗ ಒಂದು ಸೋಮವಾರ ಅದೇ ದುರ್ಗಾಂಬಿಕಾ ಅತ್ತು ಅತ್ತು ಕಣ್ಣು ಮೂಗು ಒಂದು ಮಾಡಿಕೊಂಡು, ಶಾಲೆಯ ಬ್ಯಾಗನ್ನು ಮಗುವಿನಂತೆ ಎದೆಗವಚಿಕೊಂಡು ಬಂದಳು. ಕಾವಿಗೆ ಕೂತಿದ್ದ ಅವರ ಮನೆಯ ಕೆಂಪಿ ಕೋಳಿಯನ್ನು ಬೆಳಗಿನ ಜಾವ ನಾಯಿ ಹಿಡಿದಿತ್ತು. ಬ್ಯಾಗಿನೊಳಗೆ ಅಜ್ಜಿಯ ಹಳೇ ಸೀರೆಯಲ್ಲಿ ಸುತ್ತಿದ ಹನ್ನೊಂದು ಮೊಟ್ಟೆಗಳಿದ್ದವು. ಕೆಂಪಿಯ ಬಿಸಿ ಅವುಗಳಿಂದ ಇನ್ನೂ ಆರಿರಲಿಲ್ಲ.

"ನಾಗರತ್ನಕ್ಕನ ಮನೇಲಿ ಒಂದು ಕೋಳಿ ಕಾವಿಗೆ ಕೂತೈತಂತೆ ಮಿಸ್. ಅದರ ಕೆಳಗೆ ಇಟ್ಟು ಬಾ ಅಂತ ಅಜ್ಜಿ ಕಳಿಸಿದಾಳೆ. ನಿಮಗೆ ತೋರಿಸಿ ಹೋಗಾನ ಅಂತ ಬಂದೆ."

ತೋರಿಸಿ ಹೋಗೋಣ ಅಂತ ಬಂದವಳನ್ನು ತೋರಿಸಿ ಹೋಗಲು ಬಿಡಬೇಕಿತ್ತು. ನಾಗರತ್ನಕ್ಕನ ಮನೆ ಅಲ್ಲೇ ಎರಡು ಓಣಿ ಆಚೆಗಿತ್ತು. ಆದರೆ ರುದ್ರಾಣಿಯ ಕಣ್ಣುಗಳು ಆಗಲೇ ಹೊಳೆಯತೊಡಗಿದ್ದವು.

"ಕೊಡಿಲ್ಲಿ ದುರ್ಗಾ. ಕ್ಲಾಸಲ್ಲೇ ಮರಿ ಮಾಡೋಣ! ಒಂದು ಡಬ್ಬಿ, ಒಂದು ಬಲ್ಬು ಸಾಕು. ಎಲ್ರೂ ಕಣ್ಣಾರೆ ನೋಡಬಹುದು."

ಕ್ಲಾಸು ಹೋ ಎಂದಿತು. ದುರ್ಗಾಂಬಿಕಾ ಮಾತ್ರ ಹೋ ಎನ್ನಲಿಲ್ಲ. ಬ್ಯಾಗನ್ನು ಇನ್ನಷ್ಟು ಬಿಗಿಯಾಗಿ ಹಿಡಿದು, "ಮಿಸ್, ಇದು ಅವರೆಕಾಳು ಅಲ್ಲ. ನಮ್ಮ ಕೆಂಪೀವು. ಅರ್ಧಕ್ಕೆ ಬಿಟ್ಟರೆ ಸತ್ತು ಹೋಗ್ತಾವೆ," ಎಂದಳು.

"ಬಿಡಲ್ಲ."

"ಆಣೆ?"

"ನಮ್ಮಮ್ಮನಾಣೆ."

ಅಮ್ಮನ ಆಣೆಯನ್ನು ಅಷ್ಟು ಸಲೀಸಾಗಿ ಇಟ್ಟಳಲ್ಲ, ಆ ಅಮ್ಮ ಸಂತೇಬೆನ್ನೂರಿನ ಅಡಿಕೆ ವ್ಯಾಪಾರಿಯ ಹೆಂಡತಿ. ಪೂಜೆ ಮುಗಿಯದೆ ನೀರು ಮುಟ್ಟದಾಕೆ. ಮೊಟ್ಟೆ ಎಂಬ ಪದವನ್ನೇ ಮನೆಯಲ್ಲಿ ಆಡಗೊಟ್ಟವಳಲ್ಲ. ರುದ್ರಾಣಿಯೂ ಅಷ್ಟೇ, ಇಪ್ಪತ್ತೇಳು ವರ್ಷ ತುಂಬಿದರೂ ಒಂದು ಮೊಟ್ಟೆಯನ್ನು ಕೈಯಲ್ಲಿ ಮುಟ್ಟಿದವಳಲ್ಲ. ಮಧ್ಯಾಹ್ನದ ಬಿಸಿಯೂಟಕ್ಕೆ ಮೊಟ್ಟೆ ಕೊಡುವ ದಿನ, ಬಾಳೆಹಣ್ಣು ತಿನ್ನುವ ಮಕ್ಕಳ ಸಾಲಿನ ಕಡೆ ಮಾತ್ರ ಅವಳ ಓಡಾಟ.

ಅದಕ್ಕೇ ಆ ತಪ್ಪಾಯಿತು. ಹಟ್ಟಿಯಲ್ಲಿ ಹುಟ್ಟಿದ ಮೂರು ವರ್ಷದ ಕೂಸೂ ಮಾಡದ ತಪ್ಪು. ಮೊಟ್ಟೆಗಳ ಮೇಲೆ ಕೋಳಿಯ ಪಿಕ್ಕೆ, ಹುಲ್ಲು, ಮಣ್ಣು ಅಂಟಿತ್ತು. ಹೊರಗಿನಿಂದ ಬಂದದ್ದು ಏನೇ ಇರಲಿ, ತೊಳೆದೇ ಒಳಗಿಡಬೇಕು ಎಂಬುದು ಅವಳ ಮೈಗಂಟಿದ ಮಾತು. ಮಕ್ಕಳನ್ನು ಡಬ್ಬಿ ಹುಡುಕಲು ಓಡಿಸಿ, ಬಲಗೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು, ನಲ್ಲಿಯ ಕೆಳಗೆ ಸೋಪು ಹಚ್ಚಿ ಒಂದೊಂದೇ ಮೊಟ್ಟೆಯನ್ನು ಉಜ್ಜತೊಡಗಿದಳು. ಮೂರು ತೊಳೆದಾಗಿತ್ತು, ನಾಲ್ಕನೆಯದಕ್ಕೆ ಕೈ ಹಾಕಿದ್ದಳು.

"ಅಯ್ಯಯ್ಯೋ! ಮಿಸ್! ಏನ್ ಮಾಡಾಕೆ ಹತ್ತೀರಿ!"

ದುರ್ಗಾಂಬಿಕಾ ಓಡಿ ಬಂದು ಉಳಿದವನ್ನು ಲಂಗದಲ್ಲಿ ಬಾಚಿಕೊಂಡಳು. ಮೂರು ಮೊಟ್ಟೆಗಳು ನಲ್ಲಿಯ ಕಟ್ಟೆಯ ಮೇಲೆ ಬೆಳ್ಳಗೆ, ತಣ್ಣಗೆ ಕೂತಿದ್ದವು.

ಮಧ್ಯಾಹ್ನದ ಹೊತ್ತಿಗೆ ಅಜ್ಜಿ ಉಚ್ಚಂಗೆಮ್ಮ ಸೆರಗು ಬಿಗಿದುಕೊಂಡು ಬಂದೇ ಬಂದಳು. "ತೊಳೆದ್ರಾ? ಸೋಪು ಹಾಕಿ? ನಿಮ್ಮ ಓದಿಗಿಷ್ಟು ಬೆಂಕಿ ಹಾಕ! ತೊಳೆದ ಮೊಟ್ಟೆ ಎಂದಾದ್ರೂ ಮರಿ ಆಗ್ತತೇನವ್ವಾ? ಆ ಮೂರು ಹೋದಂಗೇ ಅಂತ ತಿಳಕೊಳ್ರಿ." ಬಯ್ದು ಸುಸ್ತಾದ ಮೇಲೆ ಸೊಂಟದ ಎಲೆಅಡಿಕೆ ಚೀಲದಿಂದ ಬೆರಳುದ್ದದ ಒಂದು ಕಬ್ಬಿಣದ ಮೊಳೆ ತೆಗೆದು ಕೊಟ್ಟಳು. "ಇದನ್ನ ಮೊಟ್ಟೆ ಜೊತೆಗಿಡ್ರಿ. ಕಬ್ಬಿಣ ಇದ್ದರೆ ಗುಡುಗಿಗೆ ಕೆಡಲ್ಲ."

"ಗುಡುಗಿಗೂ ಮೊಟ್ಟೆಗೂ ಏನ್ ಸಂಬಂಧ ಅಜ್ಜಿ? ಅದೆಲ್ಲ ಮೂಢನಂಬಿಕೆ," ಎಂದು ರುದ್ರಾಣಿ ಮೊಳೆಯನ್ನು ಕಿಟಕಿಯ ಮೇಲೆ ಎಸೆದಳು. ಬಯ್ಗುಳದ ಸಿಟ್ಟೂ ಅದರಲ್ಲಿ ಇತ್ತೆನ್ನಿ.

ಡಬ್ಬಿ ಸಿಕ್ಕಿತು. ದುರುಗೇಶನ ಅಪ್ಪ ಜಗಳೂರಿನ ಸಂತೆಯಲ್ಲಿ ಮೀನು ಮಾರುತ್ತಾನೆ, ಸೂಳೆಕೆರೆಯ ಮೀನು ಬರುವ ಥರ್ಮಾಕೋಲ್ ಡಬ್ಬಿ ಅದು. ರುದ್ರಾಣಿ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಮುಚ್ಚಳ ತೆರೆದಳು. ಎಲ್‌ಇಡಿ ಬಲ್ಬು ಹಾಕಿದಳು. ಒಂದು ಪಾಠ ಮುಗಿದರೂ ಡಬ್ಬಿಯೊಳಗೆ ಬೆಳದಿಂಗಳ ಥರ ಬೆಳಕೇ ಹೊರತು ಬಿಸಿಯ ಸುಳಿವಿಲ್ಲ. ಕೊನೆಗೆ ಹೆಡ್‌ಮಾಸ್ತರು ಕೊಟ್ರಬಸಪ್ಪನವರ ಆಫೀಸಿನಲ್ಲಿ ಸರಸ್ವತಿಯ ಫೋಟೋ ಮೇಲಿದ್ದ ಹಳೇ ಕಾಲದ ತಂತಿಯ ಬಲ್ಬನ್ನು ಬಿಚ್ಚಿಕೊಂಡು ಬಂದಳು.

"ಕರೆಂಟ್ ಹೋದ್ರೆ ಏನ್ ಮಾಡ್ತೀರಿ ಮೇಡಂ?" ಕೊಟ್ರಬಸಪ್ಪನವರು ನಿಧಾನದ ಮನುಷ್ಯ. ನಡೆದರೂ ನಿಧಾನ, ಬೈದರೂ ನಿಧಾನ.

"ಬರುತ್ತೆ ಸರ್."

"ಬರುತ್ತೆ, ಬರುತ್ತೆ. ಬರೋತಂಕ ಮೊಟ್ಟೆ ಕಾಯಬೇಕಲ್ರೀ."

ಮಕ್ಕಳು ತೊಳೆಯದ ಎಂಟು ಮೊಟ್ಟೆಗಳಿಗೆ ವಿಭೂತಿ ಕುಂಕುಮ ಹಚ್ಚಿ, ಪೆನ್ಸಿಲ್ಲಿನಲ್ಲಿ ತಮ್ಮ ತಮ್ಮ ಹೆಸರು ಬರೆದು ಇಟ್ಟರು. ತೊಳೆದ ಮೂರಕ್ಕೆ ಹೆಸರು ಕೊಡಲು ಯಾರೂ ಮುಂದೆ ಬರಲಿಲ್ಲ. ಸಾಯುವ ಮೊಟ್ಟೆಗೆ ತಮ್ಮ ಹೆಸರು ಯಾಕೆ ಬರೆಯಬೇಕು ಎಂದು ಮುಖ ನೋಡಿಕೊಂಡರು. ದುರ್ಗಾಂಬಿಕಾಳೇ ಪೆನ್ಸಿಲ್ ಒತ್ತಿ ಒತ್ತಿ ಮೂರರ ಮೇಲೂ 'ಮಿಸ್' ಎಂದು ಬರೆದಳು.

ಆಮೇಲೆ ಶುರುವಾಯಿತು ನೋಡಿ ರುದ್ರಾಣಿಯ ಪಾಡು. ಬಾಲ ಸುಟ್ಟ ಬೆಕ್ಕಿನ ಹಾಗೆ ಡಬ್ಬಿಯ ಸುತ್ತ ಸುತ್ತಿದಳು. ಗಣಿತದ ನಡುವೆ ಒಮ್ಮೆ ಮುಚ್ಚಳ ಎತ್ತುವಳು, ಕನ್ನಡದ ನಡುವೆ ಇನ್ನೊಮ್ಮೆ. ಎತ್ತಿದಾಗಲೆಲ್ಲ ಬಿಸಿ ಹಾರಿ ಒಳಗಿಟ್ಟ ಉಷ್ಣಮಾಪಕ ಇಳಿಯುವುದು. ದುರ್ಗಾಂಬಿಕಾ ನೋಡುವಷ್ಟು ನೋಡಿ, ಮುಚ್ಚಳಕ್ಕೆ ದಾರ ಸುತ್ತಿ ಗಂಟು ಹಾಕಿ, ಡಬ್ಬಿಯ ಪಕ್ಕದಲ್ಲೇ ತನ್ನ ಜಾಗ ಮಾಡಿಕೊಂಡಳು. "ಮಿಸ್, ಈಗ ತೆಗೀಬ್ಯಾಡ್ರಿ. ಮೊಟ್ಟೆ ತಿರುವಿ ಹಾಕೋ ಹೊತ್ತಿಗೆ ನಾನೇ ಕರೀತೀನಿ," ಎನ್ನುವಳು. ಮಿಸ್ ಹಲ್ಲು ಕಚ್ಚಿಕೊಂಡು ಬೋರ್ಡಿಗೆ ಹಿಂತಿರುಗುವಳು.

ಮಕ್ಕಳು ಮಾತ್ರ ಕಲಿತದ್ದೇ ಕಲಿತದ್ದು. ಉಷ್ಣಮಾಪಕ ಓದಲು ಕಲಿತರು, ಡಬ್ಬಿಯ ಮೂಲೆಯಲ್ಲಿ ನೀರಿನ ಬಟ್ಟಲು ಯಾಕಿಡಬೇಕು ಎಂದು ಕಲಿತರು, ಮೊಟ್ಟೆ ತಿರುಗಿಸುವಾಗ ಉಸಿರು ಹಿಡಿಯುವುದನ್ನು ಯಾರೂ ಹೇಳದೆ ಕಲಿತರು. ಬಿಸಿಯೂಟದಲ್ಲಿ ಬೇಯಿಸಿದ ಮೊಟ್ಟೆ ಸುಲಿದು ತಿಂದು, ಅದೇ ಬಾಯಲ್ಲಿ ಡಬ್ಬಿಯ ಮೊಟ್ಟೆ ಚೆನ್ನಾಗಿರಲಪ್ಪಾ ಎಂದು ಬೇಡಿಕೊಳ್ಳುತ್ತಿದ್ದರು. ಮಕ್ಕಳಿಗೆ ಅದರಲ್ಲಿ ಯಾವ ತಕರಾರೂ ಕಾಣಲಿಲ್ಲ. ಸಂಜೆಯಾದರೆ ಶಾಲೆಯ ಹಿಂದಿನ ರುದ್ರಾಣಿಯ ಬಾಡಿಗೆ ಕೋಣೆಗೆ ಡಬ್ಬಿಯ ಮೆರವಣಿಗೆ ಹೊರಡುತ್ತಿತ್ತು.

ದಿನಾ ಮಧ್ಯಾಹ್ನ ಫೋನ್ ಮಾಡುವ ಅಮ್ಮನಿಗೆ ವಿಷಯ ಗೊತ್ತಾಯಿತು. ಗೊತ್ತಾಗದೆ ಇರುತ್ತದೆಯೇ? "ಮಲಗೋ ಕೋಣೆಗೆ ಮೊಟ್ಟೆ ತಂದಿಟ್ಕೊಂಡಿದೀಯಾ? ಶಿವನೇ! ಮುಟ್ಟಿದ್ಯೇನೇ?"

"ಇಲ್ಲಮ್ಮ, ಎಲ್ಲ ಮಕ್ಕಳೇ ಮುಟ್ಟೋದು." ಅದು ನಿಜ. ನಲ್ಲಿಯ ಹತ್ತಿರವೂ ಪ್ಲಾಸ್ಟಿಕ್ ಚೀಲವೇ ಮುಟ್ಟಿದ್ದು.

ಒಂದು ದಿನ ಬಿಸಿಯೂಟದ ದವಸ ಇಡುವ ಕೋಣೆಯ ಬಾಗಿಲು ಹಾಕಿ, ಕತ್ತಲೆ ಮಾಡಿ, ಮೊಬೈಲ್ ಟಾರ್ಚಿನ ಮೇಲೆ ಮೊಟ್ಟೆಗಳನ್ನು ಇಟ್ಟು ನೋಡಿದರು. ಮೊದಲನೆಯದರೊಳಗೆ ಎಳೆ ಎಳೆ ಕೆಂಪು ನರಗಳು, ನಡುವೆ ಕಪ್ಪಗೆ ಏನೋ ಒಂದು. ಆ ಏನೋ ಒಂದು ಥಟ್ಟನೆ ಅಲುಗಿತು. "ಅಲ್ಲಾಡ್ತು! ಅಲ್ಲಾಡ್ತು ಕಣ್ರೋ!" ಎಂದು ಎಲ್ಲರಿಗಿಂತ ಜೋರಾಗಿ ಕಿರುಚಿದವಳು ಮಿಸ್ಸೇ. ಎಂಟೂ ಹಾಗೇ ಅಲುಗಿದವು. 'ಮಿಸ್' ಎಂದು ಬರೆದವುಗಳ ಸರದಿ ಬಂದಾಗ ಎಲ್ಲರೂ ಇನ್ನಷ್ಟು ಹತ್ತಿರ ಬಗ್ಗಿದರು. ಎರಡರೊಳಗೆ ಬರೀ ಕಪ್ಪು ಕಲೆ, ನರವಿಲ್ಲ, ಅಲುಗಾಟವಿಲ್ಲ. ದುರುಗೇಶ ಮೂಸಿ ನೋಡಿ ಮುಖ ಸಿಂಡರಿಸಿದ. ಮೂರನೆಯದರಲ್ಲಿ ನರವಿತ್ತೋ ಇಲ್ಲವೋ ಸರಿಯಾಗಿ ಕಾಣಲಿಲ್ಲ. ಬಿಸಾಕೋಣ ಎಂದರು ಕೆಲವರು.

"ಬ್ಯಾಡ. ಇರಲಿ," ಎಂದಳು ರುದ್ರಾಣಿ. ಕೆಟ್ಟ ಎರಡನ್ನು ಮಕ್ಕಳು ಬೇವಿನ ಮರದ ಬುಡದಲ್ಲಿ ಹೂತರು. ದುರ್ಗಾಂಬಿಕಾ ಅಳಲಿಲ್ಲ, ಬೈಯಲಿಲ್ಲ, ಮಿಸ್ ಕಡೆ ತಿರುಗಿಯೂ ನೋಡಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು. ನಾಗರತ್ನಕ್ಕನ ಮನೆಗೆ ಹೋಗಲು ಬಿಟ್ಟಿದ್ದರೆ ಅವೆರಡೂ ಬದುಕುತ್ತಿದ್ದವು ಎಂಬ ಯೋಚನೆ ರುದ್ರಾಣಿಯ ಎದೆಯಲ್ಲಿ ಮುಳ್ಳಿನಂತೆ ಆಡಿತು. ಈಗ ಉಳಿದವೂ ಹೋದರೆ ಈ ಹುಡುಗಿಗೆ ಯಾವ ಮುಖ ತೋರಿಸಲಿ ಎಂದು ದಿಗಿಲು ಹತ್ತಿತು.

ಮರಿ ಒಡೆಯುವ ದಿನ ಹತ್ತಿರ ಬಂತು ಎನ್ನುವಾಗಲೇ ಆ ಗುರುವಾರ ಬಂತು. ಬೆಳಿಗ್ಗೆಯಿಂದ ಆಕಾಶ ಕಪ್ಪಾಗಿ ಧಗೆ ಹಿಡಿದಿತ್ತು. ಊಟಕ್ಕೆ ಮುಂಚೆ ಒಂದು ಸಿಡಿಲು ಬಡಿಯಿತು ನೋಡಿ, ಊರ ಮುಂದಿನ ಟ್ರಾನ್ಸ್‌ಫಾರ್ಮರಿನಿಂದ ಢಮ್ ಎಂದು ಸದ್ದು ಬಂತು, ಡಬ್ಬಿಯೊಳಗಿನ ಬಲ್ಬು ಆರಿತು. ರುದ್ರಾಣಿ ಲೈನ್‌ಮನ್‌ಗೆ ಫೋನ್ ಹಚ್ಚಿದಳು. "ಮಳೆ ನಿಲ್ಲದೆ ಕಂಬ ಹತ್ತಾಕೆ ಆಗಲ್ಲ ಮೇಡಂ. ಸಂಜೆ ನೋಡಾನ," ಎಂದನವ.

ಉಷ್ಣಮಾಪಕ ಇಳಿಯತೊಡಗಿತು. ಹೊರಗೆ ಮಳೆ, ತಣ್ಣನೆ ಗಾಳಿ. ರುದ್ರಾಣಿಗೆ ಕೈಕಾಲೇ ಆಡಲಿಲ್ಲ, ಅಂದರೆ ಆಡಿದ್ದೇ ಆಡಿದ್ದು. ಅಡುಗೆಮನೆಗೆ ಓಡಿದಳು, ಒಲೆಯ ಪಕ್ಕ ಇಟ್ಟರೆ ಬೆಂದೇ ಹೋಗುತ್ತವೆ ಎಂದು ವಾಪಸ್ ಓಡಿ ಬಂದಳು. ಬಿಸಿನೀರಿನ ಬಾಟಲಿ ಇಡಲು ಹೋದಳು, ಮುಚ್ಚಳ ಸರಿಯಿಲ್ಲದೆ ನೀರು ಚೆಲ್ಲಿತು. ಯಾರಿಗೋ ಫೋನ್ ಮಾಡಲು ಹೊರಟು, ಯಾರಿಗೆ ಎಂದು ಗೊತ್ತಾಗದೆ ನಿಂತಳು.

ತಿರುಗಿ ನೋಡಿದರೆ ದುರ್ಗಾಂಬಿಕಾ ದಾರ ಬಿಚ್ಚಿ, ಒಂದು ಮೊಟ್ಟೆ ಎತ್ತಿ, ಸ್ವೆಟರಿನೊಳಗೆ ಹೊಟ್ಟೆಗೆ ಒತ್ತಿಕೊಂಡು ಗೋಡೆಗೆ ಒರಗಿ ಕೂತಿದ್ದಳು.

"ಕೆಂಪಿ ಹಿಂಗೇ ಕೂರ್ತಿತ್ತು ಮಿಸ್. ಅದಕ್ಕೇನು ಕರೆಂಟ್ ಇತ್ತಾ?"

ಒಬ್ಬೊಬ್ಬರೇ ಬಂದರು. ತಮ್ಮ ತಮ್ಮ ಹೆಸರಿನ ಮೊಟ್ಟೆ ಎತ್ತಿ ಅಂಗಿಯೊಳಗೆ, ಲಂಗದ ಮಡಿಲಲ್ಲಿ ಇಟ್ಟುಕೊಂಡು ಕೂತರು. ಮೊಟ್ಟೆ ಸಿಗದವರು ಎರಡೂ ಪಕ್ಕಕ್ಕೆ ಒತ್ತಿ ಕೂತು ಬಿಸಿ ಕೊಟ್ಟರು. ಡಬ್ಬಿಯಲ್ಲಿ ಒಂದೇ ಒಂದು ಉಳಿಯಿತು, ಬೆಳ್ಳಗೆ, 'ಮಿಸ್' ಎಂದು ಬರೆದದ್ದು. ಅದರ ಕಡೆ ಯಾವ ಕೈಯೂ ಚಾಚಲಿಲ್ಲ.

ರುದ್ರಾಣಿ ನೋಡಿದಳು. ಪ್ಲಾಸ್ಟಿಕ್ ಚೀಲ ಹುಡುಕಲು ಹೋಗಲಿಲ್ಲ. ಬರಿಗೈಯಲ್ಲಿ ಎತ್ತಿಕೊಂಡಳು. ಸ್ವಲ್ಪ ಒರಟು, ಉಗುರುಬೆಚ್ಚಗೆ, ತಾನು ಅಂದುಕೊಂಡಿದ್ದಕ್ಕಿಂತ ಭಾರ. ಸೀರೆಯ ನೆರಿಗೆ ಸಡಿಲ ಮಾಡಿ ಸೊಂಟದ ಮಡಿಕೆಯಲ್ಲಿ ಇಟ್ಟು, ಮೇಲೆ ಎರಡೂ ಕೈ ಮುಚ್ಚಿ, ಮಕ್ಕಳ ಸಾಲಿನಲ್ಲಿ ನೆಲದ ಮೇಲೆ ಕೂತಳು. ಮಿಸ್ ಕೂತಳು! ಮಕ್ಕಳು ಕಣ್ಣು ಕಣ್ಣು ಬಿಟ್ಟರು.

ಮತ್ತೆ ಗುಡುಗಿತು. ಗೋಡೆ ಅದುರಿತು. ರುದ್ರಾಣಿ ಕಿಟಕಿಯ ಕಡೆ ನೋಡಿದಳು.

"ಆ ಮೊಳೆ... ಅಜ್ಜಿ ಕೊಟ್ಟಿದ್ದ ಮೊಳೆ ಎಲ್ಲೈತ್ರೋ?"

ಮಕ್ಕಳು ಕಿಸಕ್ಕನೆ ನಕ್ಕರು. ದುರ್ಗಾಂಬಿಕಾ ಡಬ್ಬಿಯ ತಳದ ಬಟ್ಟೆಯ ಕೆಳಗೆ ಕೈ ಹಾಕಿ ಮೊಳೆ ತೆಗೆದಳು. ಮೊದಲ ದಿನದಿಂದಲೂ ಅದು ಅಲ್ಲೇ ಇತ್ತು. ಅದನ್ನು ಮಿಸ್‌ನ ಮಡಿಲಲ್ಲಿ ಇಟ್ಟಳು. ಗುಡುಗಿಗೂ ಮೊಟ್ಟೆಗೂ ಇರುವ ಸಂಬಂಧದ ಬಗ್ಗೆ ಮಿಸ್ ಆ ದಿನ ಪಾಠ ಮಾಡಲಿಲ್ಲ.

ಸ್ವಲ್ಪ ಹೊತ್ತಿಗೆ ಕೊಟ್ರಬಸಪ್ಪನವರು ಕೊಡೆ ಹಿಡಿದು ಬಾಗಿಲಲ್ಲಿ ಕಾಣಿಸಿಕೊಂಡರು. "ಯಾಕ್ರೀ ಮೇಡಂ, ಸದ್ದೇ ಇಲ್ಲ, ಏನಾಯ್ತೋ ಅಂತ ಜೀವ ಹೋದಂಗಾತು." ಒಬ್ಬರೂ ಎದ್ದು ನಮಸ್ತೆ ಹೇಳಲಿಲ್ಲ. ಅಷ್ಟರಲ್ಲಿ ಬಹಳ ಹೊತ್ತಿನಿಂದ ಒಂದಕ್ಕೆ ತಡೆದುಕೊಂಡಿದ್ದ ದುರುಗೇಶ ಎದ್ದವನೇ, "ಸಾರ್, ಒಂಚೂರು ಹಿಡ್ಕಳ್ರಿ, ಜೇಬಿನಾಗೆ ಇಟ್ಕಂಡ್ರೆ ಬೆಚ್ಚಗಿರ್ತತೆ," ಎಂದು ತನ್ನ ಮೊಟ್ಟೆಯನ್ನು ಹೆಡ್‌ಮಾಸ್ತರ ಕೈಗೆ ಕೊಟ್ಟು ಮಳೆಗೆ ಓಡಿದ. ಹಣೆಯ ತುಂಬ ವಿಭೂತಿ ಬಳಿದ ಕೊಟ್ರಬಸಪ್ಪನವರು ಕೈಯಲ್ಲಿದ್ದುದನ್ನು ಒಮ್ಮೆ ನೋಡಿದರು, ರುದ್ರಾಣಿಯನ್ನು ಒಮ್ಮೆ ನೋಡಿದರು. ಆಮೇಲೆ ನಿಧಾನಕ್ಕೆ, ತಮ್ಮ ಎಂದಿನ ನಿಧಾನಕ್ಕೆ, ಬೆಂಚಿನ ಮೇಲೆ ಕೂತು ಅದನ್ನು ಎರಡೂ ಅಂಗೈಗಳ ನಡುವೆ ಮುಚ್ಚಿಕೊಂಡರು.

ಆಗ ಫೋನ್ ಬಡಿದುಕೊಂಡಿತು. ಅಮ್ಮ. ಪಕ್ಕದ ಮಗು ಗುಂಡಿ ಒತ್ತಿ ಮಿಸ್‌ನ ಕಿವಿಗೆ ಹಿಡಿಯಿತು.

"ಊಟ ಆತಾ? ಆ ಡಬ್ಬೀನ ಶಾಲೆಯಲ್ಲೇ ಬಿಟ್ಯೋ ಇಲ್ವೋ? ಮುಟ್ಟಿಲ್ಲ ತಾನೇ?"

ರುದ್ರಾಣಿಗೆ ಸುಳ್ಳು ಹೇಳುವಷ್ಟು ತ್ರಾಣ ಉಳಿದಿರಲಿಲ್ಲ. "ಮುಟ್ಟೋದೇನಮ್ಮ, ಕಾವಿಗೇ ಕೂತಿದೀನಿ. ಕರೆಂಟಿಲ್ಲ. ಮಡಿಲಲ್ಲಿ ಇಟ್ಕೊಂಡಿದೀನಿ."

ಸಂತೇಬೆನ್ನೂರಿನಿಂದ "ಶಿವನೇ!" ಎಂಬುದೊಂದು ಕೇಳಿಸಿತು. ಆಮೇಲೆ ಅಮ್ಮನ ದನಿ ತಗ್ಗಿ ಬಂತು: "ಬಗ್ಗಿ ಕೂರಬ್ಯಾಡ, ಭಾರ ಬೀಳ್ತತೆ ಅದರ ಮೇಲೆ. ಮರಿ ಆದ್ರೆ ಫೋನ್ ಮಾಡು."

ಕೂತರು. ಯಾವಾಗಲೂ ಸಂತೆಯಂತಿರುವ ಕ್ಲಾಸು ಮಳೆಯ ಸದ್ದು ಕೇಳುತ್ತ ಕೂತಿತು. ರುದ್ರಾಣಿಯ ಕಾಲು ಜೋಮು ಹಿಡಿಯಿತು, ಬೆನ್ನು ನೊಂದಿತು, ಮೂಗಿನ ಮೇಲೆ ನೊಣ ಕೂತಿತು. ಒಂದು ಸಲ ತೆಗೆದು ನೋಡಿಬಿಡಲೇ, ಒಂದೇ ಸಲ, ಎಂದು ಕೈ ತುರಿಸಿತು. ಅವಳಿಗೆ ಜೀವಮಾನದಲ್ಲೇ ಅಷ್ಟು ಕಷ್ಟದ ಕೆಲಸ ಬಂದಿರಲಿಲ್ಲ. ಅವರೆಕಾಳುಗಳು ನೆನಪಾದವು. ತೆಗೆಯಲಿಲ್ಲ.

ಮಳೆ ಸಣ್ಣಗಾದಾಗ ಅವಳ ಹೊಟ್ಟೆಗೆ ಏನೋ ತಾಗಿದಂತಾಯಿತು. ಉಸಿರು ಹಿಡಿದಳು. ಮತ್ತೆ ತಾಗಿತು. ಟುಕ್ ಎಂದು ಒಳಗಿನಿಂದ ಯಾರೋ ಬಾಗಿಲು ತಟ್ಟಿದ ಹಾಗೆ. ಆಮೇಲೆ ಸೀರೆಯ ಮಡಿಕೆಯೊಳಗಿನಿಂದ ಸಣ್ಣದೊಂದು ಚೀಂವ್. ಅವಳು ಹಾರಿ ಏಳಲು ಹೊರಟಳು, ಬಾಯಿ ತೆರೆದಳು. ಅಷ್ಟರಲ್ಲಿ ದುರ್ಗಾಂಬಿಕಾ ಅವಳ ಮೊಣಕಾಲನ್ನು ಒತ್ತಿ ಹಿಡಿದಳು.

"ಮಿಸ್, ಅಲ್ಲಾಡಬ್ಯಾಡ್ರಿ."

ಅಲ್ಲಾಡಲಿಲ್ಲ. ಕಣ್ಣೀರು ಧಾರಾಕಾರ ಇಳಿಯಿತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ದುರ್ಗಾಂಬಿಕಾಳೇ ತನ್ನ ಸ್ವೆಟರಿನ ತೋಳಿನಿಂದ ಒರೆಸಿದಳು. ಸಂಜೆ ಕರೆಂಟ್ ಬಂದು ಖಾಲಿ ಡಬ್ಬಿಯೊಳಗೆ ಬಲ್ಬು ಹೊತ್ತಿಕೊಂಡಾಗ, ತಕ್ಷಣ ಏಳಲು ಯಾರಿಗೂ ಮನಸ್ಸಾಗಲಿಲ್ಲ.

ಶುಕ್ರವಾರ ಬೆಳಿಗ್ಗೆಯಿಂದ ಮಧ್ಯಾಹ್ನದೊಳಗೆ ಎಂಟೂ ಒಡೆದವು. ಮೊದಲು ಕೂಗಿದ ತೊಳೆದ ಮೊಟ್ಟೆಯೇ ಎಲ್ಲಕ್ಕಿಂತ ತಡ ಮಾಡಿತು. ಸಣ್ಣ ತೂತು ಮಾಡಿ ಅಷ್ಟಕ್ಕೇ ನಿಂತುಬಿಟ್ಟಿತು. ಚಿಪ್ಪು ಸುಲಿಯಲು ರುದ್ರಾಣಿ ಎರಡು ಸಲ ಕೈ ಚಾಚಿ, ಎರಡು ಸಲವೂ ತಾನಾಗಿಯೇ ಕೈ ಹಿಂದೆಗೆದುಕೊಂಡಳು. ಶಾಲೆ ಬಿಡುವ ಹೊತ್ತಿಗೆ ಅದು ತನ್ನ ಪಾಡಿಗೆ ತಾನು ಚಿಪ್ಪು ಸೀಳಿ, ಒದ್ದೆ ಮುದ್ದೆಯಾಗಿ ಹೊರಗೆ ಬಿತ್ತು. "ತೊಳೆದದ್ದೂ ಆತಾ? ಆಗ್ಲಿ ಬಿಡು ತಾಯಿ, ನಾನೂ ಒಂದು ಕಲಿತಂಗಾತು," ಎಂದಳು ಉಚ್ಚಂಗೆಮ್ಮ.

ಶನಿವಾರ, ಭಾನುವಾರ ಡಬ್ಬಿಯಲ್ಲೇ ಇಟ್ಟುಕೊಂಡು, ಸೋಮವಾರ ಸಂಜೆ ದುರ್ಗಾಂಬಿಕಾ ಒಂಬತ್ತು ಮರಿಗಳನ್ನೂ ಬುಟ್ಟಿಯಲ್ಲಿ ಹೊತ್ತು ಮನೆಗೆ ಹೊರಟಳು. ಕ್ಲಾಸೆಲ್ಲ ಹಿಂದೆ ಹೋಯಿತು. ರುದ್ರಾಣಿ ಬಾಗಿಲಲ್ಲಿ ನಿಂತಳು. ಕೆಂಪಿಯ ಎರಡು ಮೊಟ್ಟೆ ಬೇವಿನ ಬುಡದಲ್ಲಿವೆ ಎಂಬುದು ಅವಳಿಗೆ ಮರೆತಿರಲಿಲ್ಲ.

ಗೇಟಿನವರೆಗೆ ಹೋದ ದುರ್ಗಾಂಬಿಕಾ ಬುಟ್ಟಿಯನ್ನು ಗೆಳತಿಯ ಕೈಗೆ ಕೊಟ್ಟು ಓಡಿ ವಾಪಸ್ ಬಂದಳು. ಲಂಗದ ಜೇಬಿನಿಂದ ಅಜ್ಜಿಯ ಮೊಳೆ ತೆಗೆದು ಮಿಸ್‌ನ ಅಂಗೈಯಲ್ಲಿ ಇಟ್ಟಳು.

"ಇದು ಇಲ್ಲೇ ಇರಲಿ ಮಿಸ್. ಮುಂದಿನ ಸಲಕ್ಕೆ ಬೇಕಾಗ್ತತೆ."

ಹೇಳಿ ಓಡಿದಳು. ರುದ್ರಾಣಿ ಮೊಳೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತಳು, ಒಂಬತ್ತೂ ಮನೆಗೆ ಹೊರಟ ಸುದ್ದಿ ಹೇಳಲು ಅಮ್ಮನಿಗೆ ಫೋನ್ ಹಚ್ಚಿದಳು.